ಎಪ್ಪತ್ತೆರಡರಲ್ಲೊಂದು ಮಾಸ್ತರರು

ರೋಣದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ನಿವೃತ್ತರಾಗಿ ನರಗುಂದಕ್ಕೆ ಬಂದು ನೆಲೆಸಿದವರಿಗೆ ಸಾಮಾನ್ಯವಾಗಿ ಮೂರೇ ದಾರಿ: ಭಜನೆ, ಬಡ್ಡಿ ವ್ಯವಹಾರ, ಇಲ್ಲವೇ ಬಾಂದಿನ ತಕರಾರು. ನಮ್ಮ ಮಾಸ್ತರರು ನಾಲ್ಕನೆಯದನ್ನು ಹಿಡಿದರು: ಎರಡನೇ ಮಹಾಯುದ್ಧ. ಬೆಂಗಳೂರಿನ ಮಗ ಕಳಿಸಿದ ಡಬ್ಬಿಯಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನ ಬಿಡಿಬಿಡಿಯಾಗಿ ಬಂದಿಳಿಯಿತು. ಅಂದಿನಿಂದ ಪಡಸಾಲೆಯ ಟೇಬಲ್ಲು ಯಾರ ಕೈಗೂ ಸಿಕ್ಕಿಲ್ಲ.

ಅಳತೆ 1/72. ಅಂದರೆ ಆರು ಅಡಿಗೆ ಒಂದಿಂಚು. 36 ಅಡಿ 10 ಇಂಚು ಅಗಲದ ರೆಕ್ಕೆ ಒಂದು ಗೇಣಿನೊಳಗೇ ಮುಗಿಯಿತು. ಪ್ಲಾಸ್ಟಿಕ್ ಚೌಕಟ್ಟಿನಿಂದ ಒಂದೊಂದೇ ತುಂಡನ್ನು ಬ್ಲೇಡಿನಿಂದ ಬಿಡಿಸಿ, ಪಾಲಿಶ್ ಪೇಪರಿನಿಂದ ತಿಕ್ಕಿ, ಅಂಟಿಸುವ ಹೊತ್ತಿಗೆ ಮನೆಯಲ್ಲಿ ಫ್ಯಾನ್ ಹಾಕುವಂತಿಲ್ಲ, ಯಾರೂ ಸೀನುವಂತಿಲ್ಲ. ಥಟ್ಟನೆ ಹಿಡಿಯುವ ಅಂಟು ಬಳಸಿದರೆ ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳಕ್ಕೆ ಮೋತಿಬಿಂದು ಬಂದ ಹಾಗೆ ಬಿಳಿ ಪೊರೆ ಕಟ್ಟುತ್ತದೆ. ಸ್ವಂತ ಕಣ್ಣಿನ ಆಪರೇಶನ್ನನ್ನು ಮುಂದೂಡುತ್ತಲೇ ಬಂದವರು ಈ ವಿಷಯದಲ್ಲಿ ಮಾತ್ರ ಭಾಳ ಹುಷಾರು.

ಒಮ್ಮೆ ಪೈಲಟ್ಟೇ ಕಾಣೆಯಾದ. ಎರಡು ದಿನ ಕಸಬರಿಗೆಗೆ ನಿಷೇಧ. ಮೂರನೇ ದಿನ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಮಾಸ್ತರರ ಹೆಂಡತಿ ಅಕ್ಕಾರು ಕೂಗಿದರು: “ಇಲ್ಲೊಬ್ಬ ಸಾಹೇಬ ಹಳ್ಳಿನಾಗ ಕುಂತಾನ, ನಿಮ್ಮವನs ಏನ್ರೀ?”

ಚಹಾದಂಗಡಿಯಲ್ಲಿ ಮಾಸ್ತರರ ಪಾಠ ಬೇರೆ. ಯುದ್ಧಕ್ಕೆ ಮೈಸೂರು ಸಂಸ್ಥಾನ ಹಣ ಕೊಟ್ಟದ್ದರಿಂದ, 1941ರಲ್ಲಿ ಬ್ರಿಟಿಷ್ ವಾಯುಪಡೆಯ 129ನೇ ಸ್ಕ್ವಾಡ್ರನ್ನಿಗೆ ‘ಮೈಸೂರು’ ಅಂತಲೇ ಹೆಸರು ಬಂತು. ಲಾಂಛನದಲ್ಲಿ ಗಂಡಭೇರುಂಡ, ಹಾರಿಸಿದ್ದು ಸ್ಪಿಟ್‌ಫೈರ್. ಆ ಗಂಡಭೇರುಂಡವನ್ನು ತಮ್ಮ ವಿಮಾನದ ಮೂತಿಗೂ ಬರೆಯಲು ಹೋದರು. ಒಂದು ತಲೆ ಬರೆಯುವಷ್ಟರಲ್ಲಿ ಜಾಗ ಮುಗಿಯಿತು. ನೋಡಿದವರೆಲ್ಲ “ಕಾಗಿ ಚಲೋ ಬಂದೈತ್ರಿ” ಅಂದರು.

“ಮೈಸೂರಾಗ ರೊಕ್ಕಾ ಕೊಟ್ಟಿರಬೇಕ್ರಿ,” ಅಂದ ಅಂಗಡಿಯವ. “ನಮ್ಮೂರಾಗ ಅರಸ ಬಾಬಾಸಾಹೇಬ 1858ರಾಗ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ನನ ತಲಿ ಅಗಸಿಗೆ ಕಟ್ಟಿಸಿದ್ದ. ನೀವು ನೋಡಿದ್ರ ಅವರ ವಿಮಾನ ಜೋಡಸಾಕತ್ತೀರಿ!”

“ಅದಕ್ಕs ಇನ್ನೂ ಹಾರಾಕ ಬಿಟ್ಟಿಲ್ಲಪಾ!”

ಆಷಾಢದ ಗಾಳಿಗೆ ಹಸಿ ಬಣ್ಣದ ಮೇಲೆಲ್ಲ ಎರೆಮಣ್ಣಿನ ಧೂಳು ಕೂತಾಗಲೂ ಮಾಸ್ತರರು ಕುಗ್ಗಲಿಲ್ಲ. ಯುದ್ಧ ಮಾಡಿ ಬಂದ ವಿಮಾನ ಮಾಸಿರಲೇಬೇಕು, ಪರದೇಶದವರು ಅದಕ್ಕೆಂದೇ ಪುಡಿ ಕೊಂಡು ಬಳಿಯುತ್ತಾರೆ, ನರಗುಂದದಲ್ಲಿ ಅದು ಪುಕ್ಕಟೆ!

ಈಗ ಜಗತ್ತೆಲ್ಲ ಅವರಿಗೆ 1/72. ಅಕ್ಕಾರ ತವರು ಗಜೇಂದ್ರಗಡಕ್ಕೆ ಹೋದರೆ ಗುಡ್ಡದ ಮೇಲಿನ ಗಾಳಿಪಂಖಗಳನ್ನು ಬೆರಳಲ್ಲಿ ಅಳೆಯುತ್ತಾರೆ, ಭಾವಮೈದುನನನ್ನು ಮಾತಾಡಿಸುವುದಿಲ್ಲ. ಎಂಥ ಪುಢಾರಿ ಬಂದರೂ ಎದ್ದು ನಿಲ್ಲರು: “ನಮ್ಮ ಲೆಕ್ಕದಾಗ ಅಂವಾ ಒಂದಿಂಚೂ ಇಲ್ಲ.”

ಮಳೆಗೆ ಮಾಳಿಗೆ ಸೋರಿದಾಗಲೂ ಇದೇ ಲೆಕ್ಕ: “1/72ಕ್ಕ ಇಳಿಸಿದ್ರ ಆ ತೂತು ಕಣ್ಣಿಗೂ ಕಾಣೂದಿಲ್ಲ.”

ಅಕ್ಕಾರು ಮರುಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕುಂತಾಗ ತಾಟಿನ ನಡುವೆ ಒಂದೇ ಒಂದು ಜೋಳದ ಕಾಳು ಇಟ್ಟರು.

“ಉಣ್ರಿ. ನಿಮ್ಮ ಲೆಕ್ಕದ ರೊಟ್ಟಿ.”

ಮಾಸ್ತರರು ಎದ್ದುಹೋಗಿ ವರ್ನಿಯರ್ ತಂದರು. ಕಾಳನ್ನು ಅಡ್ಡ ಹಿಡಿದು ಅಳೆದರು, ತಿರುಗಿಸಿ ಮತ್ತೊಮ್ಮೆ ಅಳೆದರು. ಮುಖ ಅರಳಿತು.

“ಅಗದೀ ಬರೋಬ್ಬರಿ ಐತಲ್ಲs! ಇದನ್ನ ಯಾರ ಹೇಳಿಕೊಟ್ಟಾರ ನಿನಗ?”