ಪೈಚಾರ್ಟ್ ಅಣ್ಣ

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಬೋರ್ಡುಗಳಿಗೂ ಝೆರಾಕ್ಸ್ ಅಂಗಡಿಗಳಿಗೂ ಬರವಿಲ್ಲ. ಅಲ್ಲಿಯ ಯಾವ ರೀಡಿಂಗ್ ರೂಮಿಗೆ ಹೋದರೂ, ಫ್ಯಾನಿನ ಕೆಳಗಿನ ಕುರ್ಚಿ ಹಿಡಿದು ಕೂತ ಒಬ್ಬ ಪೈಚಾರ್ಟ್ ಅಣ್ಣ ಇದ್ದೇ ಇರುತ್ತಾನೆ. ಬ್ಯಾಂಕ್ ಪರೀಕ್ಷೆಯ ಡಿ.ಐ., ಅಂದರೆ ಕೋಷ್ಟಕ, ನಕ್ಷೆಗಳ ಲೆಕ್ಕ, ಅವನಿಗೆ ಕರತಲಾಮಲಕ. ನೌಕರಿ ಮಾತ್ರ ಇನ್ನೂ ಆಗಿಲ್ಲ.

ಹೊಸ ಹುಡುಗನೊಬ್ಬ ಕೋಷ್ಟಕ ಕಂಡೊಡನೆ ಗಡಬಡಿಸಿ ಕೂಡಿಸಲು ಕೂತರೆ ಅಣ್ಣನ ಜೀವ ತಡೆಯುವುದಿಲ್ಲ. "ತಮ್ಮಾ, ಪೆನ್ ಕೆಳಗಿಡು. ಮೊದಲ ಪ್ರಶ್ನೆ ಓದು. ಅವರು ಕೇಳಿದ್ದು ಎರಡ ಸಾಲು, ಉಳಿದದ್ದು ನಿನ್ನ ಹೊತ್ತು ತಿನ್ನಾಕ ಇಟ್ಟಾರ." ಆಮೇಲೆ ಬೆರಳು ಕೆಳಗಿನ ಸಣ್ಣ ಅಕ್ಷರಕ್ಕೆ ಇಳಿಯುತ್ತದೆ. "ಇದು ಸಾವಿರದಾಗ ಐತೋ, ಲಕ್ಷದಾಗ ಐತೋ? ನೋಡಿಯೇನು?" ಹುಡುಗ ನೋಡಿರುವುದಿಲ್ಲ.

ಪಿ.ಒ., ಅಂದರೆ ಬ್ಯಾಂಕಿನ ಪ್ರೊಬೇಷನರಿ ಆಫೀಸರ್ ಹುದ್ದೆಯ ಪ್ರಿಲಿಮ್ಸ್ ಗಣಿತದಲ್ಲಿ 30-35 ಪ್ರಶ್ನೆಗೆ 20 ನಿಮಿಷ, ತಪ್ಪಿದರೆ ಆ ಪ್ರಶ್ನೆಯ ಅಂಕದಲ್ಲಿ ಕಾಲುಭಾಗ ಕಟ್. ಹೀಗಾಗಿ ಅಣ್ಣ ಭಾಗಾಕಾರ ಮಾಡುವುದೇ ಇಲ್ಲ. ಇಡೀ ವೃತ್ತ 360 ಡಿಗ್ರಿ, ಶೇ. 1 ಅಂದರೆ 3.6, 45 ಡಿಗ್ರಿ ಕಂಡರೆ ಕಣ್ಣು ಮುಚ್ಚಿ ಎಂಟರಲ್ಲೊಂದು ಪಾಲು. 1801ರಲ್ಲಿ ಪೈಚಾರ್ಟ್ ಅಚ್ಚು ಹಾಕಿಸಿದ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರನ ಫೋಟೋ ಸಿಕ್ಕರೆ ಊದಿನಕಡ್ಡಿ ಹಚ್ಚಲೂ ಅವನು ತಯಾರು.

ಈ ವಿದ್ಯೆ ಖಾನಾವಳಿಗೂ ಬರುತ್ತದೆ. ತಿಂಗಳ ಊಟ 2,000ದಿಂದ 2,500 ಆದ ದಿನ ಮಾಲೀಕರು, "ಶೇ. 20 ಅಷ್ಟ ಏರಿಸೇನಿ" ಅಂದರು. ಅಣ್ಣ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದ. "ಕಾಕಾ, ಹಳೇ ದರದ ಮ್ಯಾಲೆ ಲೆಕ್ಕ ಹಾಕಬೇಕ್ರಿ, ಹೊಸಾದರ ಮ್ಯಾಲೆ ಅಲ್ಲ. ಇದು ಶೇ. 25."

"ಯಾವುದರ ಮ್ಯಾಲೆ ಹಾಕಿದ್ರೂ ಐನೂರು ಕೊಡೂದು ಕೊಡಬೇಕು," ಅಂದರು ಕಾಕಾ, ಪಲ್ಯ ಬಡಿಸುತ್ತ. ಲೆಕ್ಕದಲ್ಲಿ ಅಣ್ಣ ಗೆದ್ದ, ರೊಕ್ಕದಲ್ಲಿ ಕಾಕಾ ಗೆದ್ದರು.

ಪತ್ರಿಕೆಯ ನಕ್ಷೆಯನ್ನಂತೂ ಅವನು ಬುಡದಿಂದ ಓದುತ್ತಾನೆ. 92 ಮತ್ತು 96ರ ಸ್ತಂಭಗಳನ್ನು 90ರಿಂದ ಎಬ್ಬಿಸಿ ನಿಲ್ಲಿಸಿದರೆ ಎರಡನೆಯದು ಮೂರು ಪಟ್ಟು ಎತ್ತರ ಕಾಣುತ್ತದೆ. "ಬುಡ ಕಡದು ಹೂಳ್ಯಾರ," ಎನ್ನುತ್ತಾನೆ.

ಜಗತ್ತಿನ ಎಲ್ಲ ಕೋಷ್ಟಕ ಓದುವ ಅಣ್ಣ ತನಗಾಗಿ ಓದದೆ ಬಿಟ್ಟದ್ದು ಒಂದೇ: ಅಧಿಸೂಚನೆಯ ವಯೋಮಿತಿಯ ಕೋಷ್ಟಕ. ಸಾಮಾನ್ಯ ವರ್ಗಕ್ಕೆ 30, ಒಬಿಸಿಗೆ 33 ಅಂತ ಹುಡುಗರಿಗೆ ಬಾಯಿಪಾಠ ಮಾಡಿಸುತ್ತಾನೆ. "ನಿನಗೆಷ್ಟಣ್ಣಾ?" ಅಂದರೆ, "ಕೊಟ್ಟ ಮಾಹಿತಿ ಸಾಲಂಗಿಲ್ಲ" ಎಂಬ ಐದನೇ ಆಯ್ಕೆಗೆ ಟಿಕ್ ಹಾಕುತ್ತಾನೆ. ಸಿಕ್ಕು ಪ್ರಶ್ನೆಯನ್ನು ಒಂದೇ ನಿಮಿಷದಲ್ಲಿ ಬಿಟ್ಟುಬಿಡು ಎಂದು ಊರಿಗೆಲ್ಲ ಕಲಿಸಿದವನಿಗೆ ಪರೀಕ್ಷೆ ಬಿಡುವುದು ಬರಲಿಲ್ಲ.

ಅವನಿಗೆ ನೌಕರಿ ಕೊಡುವುದು, ಬಿಡುವುದು ಬ್ಯಾಂಕಿನವರ ಮಾತು. ನೀವು ಮಾತ್ರ, ಚುನಾವಣೆ ಮುಂದೆ ಯಾರಾದರೂ ಎತ್ತೆತ್ತರದ ಸ್ತಂಭಗಳ ಕರಪತ್ರ ಮನೆಬಾಗಿಲಿಗೆ ತಂದರೆ, ನಂಬುವ ಮೊದಲು ಅಣ್ಣನಿಗೊಮ್ಮೆ ತೋರಿಸಿ. ಚಹಾದ ಖರ್ಚು ನಿಮ್ಮದಿರಲಿ.