ಟಿಶ್ಯೂ ಮೀಮಾಂಸೆ

ಲಕ್ಷಣ: ಒಂದನ್ನು ಎಳೆದರೆ ಇನ್ನೊಂದು ತಲೆ ಹಾಕುವುದು, ಒದ್ದೆಯಾದರೂ ಕರಗಿಹೋಗದಿರುವುದು, ಬಳಸಿದ ಮೇಲೆ ಎಲ್ಲಿಡಬೇಕೆಂದು ತೋಚದಿರುವುದು: ಈ ಮೂರೂ ಕೂಡಿದರೆ ಅದು ಟಿಶ್ಯೂ. ಮೊದಲನೆಯದಕ್ಕೆ ಕಾರಣ, ಒಂದು ಹಾಳೆಯ ಮಡಿಕೆಯೊಳಗೆ ಇನ್ನೊಂದರ ಅಂಚು ಸಿಕ್ಕುವಂತೆ ಜೋಡಿಸಿರುವುದು. ಎರಡನೆಯದಕ್ಕೆ ಕಾರಣ, ತಯಾರಿಸುವಾಗ ಬೆರೆಸುವ ರಾಳ. ಮೂರನೆಯದಕ್ಕೆ ಕಾರಣ ಮನುಷ್ಯ ಸ್ವಭಾವ. ಅದು ಈ ಪ್ರಬಂಧದ ವ್ಯಾಪ್ತಿಗೆ ಮೀರಿದ್ದು.

ಇತಿಹಾಸ: ಮೊದಲ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಕಿಂಬರ್ಲಿ-ಕ್ಲಾರ್ಕ್ ಕಂಪನಿ ಮರದ ತಿರುಳಿನಿಂದ ಸೆಲ್ಯೂಕಾಟನ್ ಎಂಬ ಹತ್ತಿಯಂಥ ವಸ್ತು ಮಾಡಿ ಸೈನಿಕರ ಗಾಯಗಳಿಗೆ ಒದಗಿಸಿತು. ಯುದ್ಧ ಮುಗಿಯಿತು, ಸರಕು ಉಳಿಯಿತು. 1924ರಲ್ಲಿ ಅದರ ತೆಳು ಅವತಾರ ಕ್ಲೀನೆಕ್ಸ್ ಎಂಬ ಹೆಸರಿನಿಂದ, ಹೆಂಗಸರ ಮುಖದ ಕೋಲ್ಡ್ ಕ್ರೀಮ್ ಒರೆಸಲೆಂದು ಬಂತು. ಕೊಂಡವರು ಮೂಗು ಒರೆಸಿಕೊಂಡರು. ಕಂಪನಿ ವಾದಕ್ಕೆ ನಿಲ್ಲದೆ, 1930ರ ಹೊತ್ತಿಗೆ ಜಾಹೀರಾತನ್ನೇ ಮೂಗಿನ ಕಡೆ ತಿರುಗಿಸಿತು. ಗಾಯಕ್ಕೆ ಹುಟ್ಟಿ, ಮುಖಕ್ಕೆ ಬೆಳೆದು, ಮೂಗಿಗೆ ದತ್ತು ಹೋದ ಈ ಪದಾರ್ಥಕ್ಕೆ ಸ್ವಧರ್ಮವೆಂಬುದೇ ಇಲ್ಲ ಎಂಬುದು ನಮ್ಮ ಪ್ರತಿಜ್ಞೆ.

ಪ್ರಮಾಣ: ಇದಕ್ಕೆ ಬೆಂಗಳೂರಿನ ದರ್ಶಿನಿಗಳೇ ಸಾಕ್ಷಿ. ಕೈತೊಳೆಯುವ ಬೇಸಿನ್ ಪಕ್ಕ ಸ್ಟೀಲ್ ಲೋಟದಲ್ಲಿ ತುರುಕಿಟ್ಟ ಟಿಶ್ಯೂ ಎರಡನೆಯ ಲಕ್ಷಣವನ್ನು ಒಪ್ಪುವುದಿಲ್ಲ. ಒದ್ದೆ ಬೆರಳು ತಾಕಿದೊಡನೆ ಬೆರಳಿಗೇ ಅಂಟಿಕೊಂಡು, ಬಾಯೊರೆಸಿದವರ ಕುರುಚಲು ಗಡ್ಡದಲ್ಲಿ ಚೂರುಚೂರಾಗಿ ನೆಲೆಸಿ, ಆಫೀಸಿನವರೆಗೂ ಪ್ರಯಾಣ ಮಾಡುತ್ತದೆ. ಇದನ್ನು ಅಪವಾದವೆಂದು ತಳ್ಳಿಹಾಕದೆ ಪ್ರತ್ಯೇಕ ಶಾಖೆಯೆಂದೇ ಗಣಿಸಬೇಕು. ಈ ಶಾಖೆಯ ಇತರ ಪ್ರಯೋಗಗಳು: ಮಸಾಲೆದೋಸೆಯ ಎಣ್ಣೆ ಹೀರುವುದು, ಎಂಟು ಮಡಿಕೆಯಾಗಿ ಅಲ್ಲಾಡುವ ಟೇಬಲ್ಲಿನ ಕಾಲಡಿ ಕೂರುವುದು, ಬೈಟೂ ಕಾಫಿಯ ನಡುವೆ ಬ್ರೋಕರ್ ಹಾಕುವ 30-40 ಸೈಟಿನ ಲೆಕ್ಕಕ್ಕೆ ಮೈಯೊಡ್ಡುವುದು. ಪೆನ್ನಿನ ಮೊನೆಗೆ ಟಿಶ್ಯೂ ಹರಿದರೂ ಸೈಟಿನ ರೇಟು ಇಳಿದದ್ದಿಲ್ಲ.

ಪೂರ್ವಪಕ್ಷ: ‘ಒಮ್ಮೆ ಬಳಸಿ ಎಸೆಯುವುದೇ ಟಿಶ್ಯೂವಿನ ಧರ್ಮ’ ಎಂದು ಕೆಲವರು ಹೇಳುವುದುಂಟು. ಇವರು ಮದುವೆ ಊಟಕ್ಕೆ ಹೋದವರಲ್ಲ. ಎಲೆಯ ಪಕ್ಕ ಇಟ್ಟ ಟಿಶ್ಯೂ ಫ್ಯಾನಿನ ಗಾಳಿಗೆ ಹಾರದಂತೆ ನಮ್ಮ ದೊಡ್ಡಪ್ಪ ಅದರ ಮೇಲೆ ನೀರಿನ ಬಾಟಲಿ ಹೇರಿ, ಕೋಸಂಬರಿಯಿಂದ ಮಜ್ಜಿಗೆಯವರೆಗೂ ಕಾಯುತ್ತಾರೆ. ಕೈ ತೊಳೆದವರು ಪಂಚೆಯ ಅಂಚಿಗೆ ಒರೆಸಿಕೊಂಡು, ಟಿಶ್ಯೂವನ್ನು ಅಚ್ಚುಕಟ್ಟಾಗಿ ಮಡಿಚಿ ಜೇಬಿಗಿಳಿಸುತ್ತಾರೆ. ಯಾಕೆಂದು ಕೇಳಿದರೆ, “ಇರ್ಲಿ ಬಿಡೋ, ಯಾವುದಕ್ಕಾದ್ರೂ ಬರುತ್ತೆ” ಎನ್ನುತ್ತಾರೆ.

ಸಿದ್ಧಾಂತ: ಯಾವುದಕ್ಕಾದರೂ ಬರುತ್ತದೆ. ಕಂಪನಿಯೊಂದು ಯುದ್ಧ ಕಳೆದು, ಕ್ರೀಮು ಕಳೆದು ಕಂಡುಕೊಂಡದ್ದನ್ನು ದೊಡ್ಡಪ್ಪ ಎರಡು ಮಾತಿನಲ್ಲಿ ಮುಗಿಸಿದ್ದಾರೆ. ಭಾಷ್ಯ ಬೇಕಿಲ್ಲ.

ಖಂಡನೆ: ಅದೇ ಟಿಶ್ಯೂ ಜೇಬಿನಲ್ಲೇ ಉಳಿದು, ವಾಷಿಂಗ್ ಮೆಷೀನಿನಲ್ಲಿ ಮನೆಮಂದಿಯ ಬಟ್ಟೆಗೆಲ್ಲ ಪಕ್ಷಪಾತವಿಲ್ಲದೆ ಹಂಚಿಹೋದ ದಿನ ದೊಡ್ಡಮ್ಮ ಎತ್ತುವ ಆಕ್ಷೇಪಗಳಿಗೆ ದೊಡ್ಡಪ್ಪನ ಪಕ್ಷದಿಂದ ಇನ್ನೂ ಉತ್ತರ ಬಂದಿಲ್ಲ. ಆ ಭಾಗದ ಚರ್ಚೆ ಮುಂದುವರಿದಿದೆ.