ಪೂರ್ವರಾತ್ರಿ ನ್ಯಾಯ: ಹಿತ್ತಿಲ ಕೊಯ್ಲಿನ ಕಾಲನಿರ್ಣಯ

ನೀಲಗಿರಿಯ ಹಿತ್ತಿಲುಗಳಲ್ಲಿ ತರಕಾರಿ ಎಂದು ಕೊಯ್ಲಿಗೆ ಬರುತ್ತದೆ ಎಂಬ ಪ್ರಶ್ನೆಗೆ ಕೃಷಿಶಾಸ್ತ್ರವು ಬಿತ್ತಿದಂದಿನಿಂದ ದಿನ ಎಣಿಸಿ ಉತ್ತರ ಕೊಡುತ್ತದೆ. ಅದು ಅಪೂರ್ಣ. ಯಜಮಾನನು ಕೀಳಲು ನಿಶ್ಚಯಿಸಿದ ದಿನದ ಹಿಂದಿನ ರಾತ್ರಿಯೇ ನಿಜವಾದ ಕೊಯ್ಲು ಎಂಬುದು ನಮ್ಮ ಸಿದ್ಧಾಂತ. ಅದನ್ನು ನೆರವೇರಿಸುವ ಅಧಿಕಾರ ಮುಳ್ಳುಹಂದಿ, ಕಾಡುಹಂದಿ, ಕಾಟಿಗಳಿಗೆ ಸೇರಿದ್ದು. ಮಂಗ ಹಗಲುದರೋಡೆಕೋರನಾದ್ದರಿಂದ ಈ ವಿಚಾರದ ವ್ಯಾಪ್ತಿಗೆ ಬರುವುದಿಲ್ಲ. ಇತಿಹಾಸವೂ ನಮ್ಮ ಪರವಾಗಿದೆ. 1819ರಲ್ಲಿ ಬೆಟ್ಟ ಹತ್ತಿದ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಅಲ್ಲಿ ಯುರೋಪಿನ ತರಕಾರಿಗಳನ್ನು ಬೆಳೆಸಿದ. ಮುಂದೆ ಉದಕಮಂಡಲದ ಬಿಳಿಯರು ಚಂದಾ ಎತ್ತಿ ತರಕಾರಿ ತೋಟ ಮಾಡಿ ಕೈಸುಟ್ಟುಕೊಂಡರು. 1848ರ ಹೊತ್ತಿಗೆ ಅಲ್ಲಿ ಸಸ್ಯೋದ್ಯಾನ ತಲೆಯೆತ್ತಿತು, ಅಂದರೆ ತಿನ್ನುವ ಗಿಡದ ಜಾಗಕ್ಕೆ ನೋಡುವ ಗಿಡ ಬಂತು. ಇದರಲ್ಲಿ ಮುಳ್ಳುಹಂದಿಯ ಪಾತ್ರವನ್ನು ಯಾವ ದಾಖಲೆಯೂ ಹೇಳುವುದಿಲ್ಲ. ಕಳ್ಳ ರುಜು ಹಾಕಿ ಹೋಗುವುದಿಲ್ಲವಾದ್ದರಿಂದ ಈ ಮೌನವೇ ಬಲವಾದ ಸಾಕ್ಷಿ.

ಇನ್ನು ಪ್ರತ್ಯಕ್ಷ ಪ್ರಮಾಣ. ಕೀಳಲು ನಿಶ್ಚಯಿಸಿದ ದಿನ ಬೆಳಗ್ಗೆ ಆಲೂಗಡ್ಡೆಯ ಏರಿಯ ಪಕ್ಕ ಒಂದು ಗುಂಡಿ. ಅದರಂಚಿನಲ್ಲಿ ಅರ್ಧ ಉಳಿದ ಗೆಡ್ಡೆ, ಅದರ ಮೇಲೆ ಉಳಿಯಿಂದ ಕೆತ್ತಿದಂತೆ ಅಗಲವಾದ ಜೋಡಿ ಹಲ್ಲಿನ ಗೆರೆ. ಪಕ್ಕದಲ್ಲಿ ಕಪ್ಪುಬಿಳುಪು ಪಟ್ಟೆಯ ಒಂದು ಮುಳ್ಳು. ಇದು ಕೇವಲ ಕಾಕತಾಳೀಯ ಎಂದು ಪೂರ್ವಪಕ್ಷದವರು ವಾದಿಸಬಹುದು. ಅಲ್ಲ. ಕ್ಯಾರೆಟ್ಟನ್ನೇ ನೋಡಿ: ಚಳಿ ಬಿದ್ದಾಗ ಅದು ತನ್ನಲ್ಲಿ ಕೂಡಿಟ್ಟ ಪಿಷ್ಟವನ್ನು ಸಕ್ಕರೆಯಾಗಿಸಿಕೊಂಡು ಹೆಪ್ಪುಗಟ್ಟದಂತೆ ತನ್ನನ್ನು ಕಾಪಾಡಿಕೊಳ್ಳುತ್ತದೆ. ಡಿಸೆಂಬರ್-ಜನವರಿಯ ಹಿಮ ಕಂಡ ಗೆಡ್ಡೆ ಸಿಹಿ ಎಂಬುದನ್ನು ಮನುಷ್ಯ ಓದಿ ತಿಳಿದರೆ ಹಂದಿ ಮೂಸಿ ತಿಳಿಯುತ್ತದೆ. ಇಬ್ಬರ ತೀರ್ಮಾನವೂ ಒಂದೇ. ಮನುಷ್ಯ ಮಾತ್ರ ಭಾನುವಾರ ಬರಲಿ ಎಂದು ಕಾಯುತ್ತಾನೆ.

ಬೇಲಿ ಹಾಕಬಾರದೇ ಎಂಬುದು ಎರಡನೆಯ ಆಕ್ಷೇಪ. ಬೇಲಿಗೆ ಕೆಳಗೂ ಒಂದು ದಾರಿಯಿದೆ ಎಂದು ಮುಳ್ಳುಹಂದಿ ತೋರಿಸಿಕೊಟ್ಟಿದೆ. ಟನ್ನಿನಷ್ಟು ತೂಗಬಲ್ಲ ಕಾಟಿಗೆ ಬೇಲಿ ಮೈ ತುರಿಸಿಕೊಳ್ಳುವ ಅನುಕೂಲ. ಹಾಗಾದರೆ ಒಂದು ದಿನ ಮೊದಲೇ ಕಿತ್ತರಾಯಿತಲ್ಲ ಎಂಬ ಮೂರನೆಯ ಆಕ್ಷೇಪ ಮೇಲ್ನೋಟಕ್ಕೆ ಪ್ರಬಲ. ಆದರೆ ಶನಿವಾರ ಕೀಳಲು ನಿಶ್ಚಯಿಸಿದೊಡನೆ ಶುಕ್ರವಾರದ ರಾತ್ರಿಯೇ ಪೂರ್ವರಾತ್ರಿಯಾಗುತ್ತದೆ. ಅದನ್ನು ತಪ್ಪಿಸಲು ಶುಕ್ರವಾರವೇ ಕಿತ್ತರೆ ಗುರುವಾರದ ರಾತ್ರಿ. ಹೀಗೆ ಹಿಂದೆ ಹಿಂದೆ ಸರಿಯುತ್ತಾ ಹೋದರೆ ಬಿತ್ತುವ ದಿನಕ್ಕೆ ಬಂದು ನಿಲ್ಲುತ್ತೇವೆ, ಅಂದು ಕೀಳಲು ಏನೂ ಇರುವುದಿಲ್ಲ. ತರ್ಕ ನಿರ್ದೋಷ, ಪಾತ್ರೆ ಖಾಲಿ.

ಉಳಿದ ಅಪವಾದ ಒಂದೇ: ಬೆಳ್ಳುಳ್ಳಿ. ಅದರ ಘಾಟಿಗೆ ಪ್ರಾಣಿಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲವಾದ್ದರಿಂದ ಇಡೀ ಹಿತ್ತಿಲಿಗೆ ಅದನ್ನೇ ಹಾಕಬೇಕೆಂದು ಕೆಲವರ ಮತ. ಸಿದ್ಧಾಂತಕ್ಕೆ ಇದರಿಂದ ಬಾಧೆಯಿಲ್ಲ. ಒಗ್ಗರಣೆ ಸಿದ್ಧವಾಗುತ್ತದೆ, ಯಾವುದಕ್ಕೆ ಹಾಕಬೇಕೋ ಅದನ್ನು ಸಂತೆಗೆ ಹೋಗಿ ಕೊಂಡುತರಬೇಕು.